ಓಡೂದು ಬ್ಯಾರೆ, ಜಗ್ಗೂದು ಬ್ಯಾರೆ

ಬಾಗಲಕೋಟೆ ಕಡೆ ಹಳೆಯ ಗಾಡಿ ಕೊಳ್ಳಲು ಬಂದವನು ಮೊದಲು ಕೇಳುವುದು ‘ಎಷ್ಟು ಓಡತೈತಿ’ ಅಂತಲ್ಲ, ‘ಜಗ್ಗತೈತೇನು’ ಅಂತ. ತೆರಬಂಡಿ ಸ್ಪರ್ಧೆ ನೋಡಿ ಬೆಳೆದ ಸೀಮೆ ಇದು. ಎತ್ತಿನ ಜೋಡಿ ನಿಂತ ನೆಲದಿಂದ ಭಾರವನ್ನು ಕೀಳುವ ಗಳಿಗೆಯಲ್ಲೇ ಜನ ಅದರ ಕಸುವನ್ನು ಅಳೆದು ಮುಗಿಸಿರುತ್ತಾರೆ. ಎಂಜಿನ್ನಿನ ಲೆಕ್ಕದಲ್ಲಿ ಆ ಜಗ್ಗುವ ಬಲಕ್ಕೆ ಟಾರ್ಕ್ ಎಂದು ಹೆಸರು. ಅದನ್ನು ನಿಮಿಷಕ್ಕೆ ತಿರುಗುವ ಸುತ್ತುಗಳಿಂದ ಗುಣಿಸಿದರೆ ಅಶ್ವಶಕ್ತಿಯ ಲೆಕ್ಕ ಬರುತ್ತದೆ. ಹಳೆಯ ಕಾರಿನ ಎಂಜಿನ್ನಿಗೆ ಬಲ ತುಂಬುವ ಕಸುಬು ನಮ್ಮ ದೇಶದಲ್ಲಿ ಅರ್ಧ ಶತಮಾನ ದಾಟಿದೆ. ಅದು ಅಶ್ವಶಕ್ತಿಯ ಬೆನ್ನು ಹತ್ತಿ, ಜಗ್ಗುವುದನ್ನು ಬಹುಕಾಲ ಮರೆತಿತ್ತು ಎಂಬುದು ನನ್ನ ದೂರು.

ಹೀಗೆ ಬಲ ತುಂಬಲು ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿತ್ತು ಎಂದು ಕೇಳಬಹುದು. ಕಾರು ಇರಲಿಲ್ಲ, ಎಂಜಿನ್ ಇತ್ತು. ಬಾದಾಮಿಯ ಮೇಣಬಸದಿಗಳ ಮುಂದೆ ಪ್ರವಾಸಿಗರನ್ನು ಇಳಿಸುತ್ತಿದ್ದ ಅಂಬಾಸಿಡರಿನ ಬಾನೆಟ್ಟಿನೊಳಗೆ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್ ಕೂತಿತ್ತು. ಅದರ ಅಳತೆ 1489 ಸಿಸಿ. 1955ರಲ್ಲಿ ಬಂದ ಎಂಜಿಎ ಎಂಬ ಎರಡಾಸನದ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ ಎಂಜಿನ್, ಇದೇ ಬೋರು, ಇದೇ ಸ್ಟ್ರೋಕು. ಆದರೆ ಅಲ್ಲಿ ಆರಂಭದಲ್ಲೇ 68 ಅಶ್ವಶಕ್ತಿ, ಇಲ್ಲಿ 50ರ ಆಚೆ ಈಚೆ. ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ಅಂತರ ಹೇಗೆ ಬಂತು ಎಂದು ಹುಡುಕುತ್ತಾ ಹೋದರೆ ಈ ಕಸುಬಿನ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನಮ್ಮ ಮಿಸ್ತ್ರಿಗಳಿಗೆ ಮೊದಲು ಹೊಳೆಯುವ ಉಪಾಯ ಬೋರ್ ಮಾಡಿಸುವುದು. ಸಿಲಿಂಡರ್ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿದರೆ ಎಂಜಿನ್ ದೊಡ್ಡದಾಯಿತು, ಬಲ ಬಂತು ಎಂಬ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಬಿ ಸೀರೀಸಿನ ಬೋರು ಸುಮಾರು 73 ಮಿಲಿಮೀಟರ್, ಸ್ಟ್ರೋಕು 88.9. ಅರವತ್ತು ಥೌ, ಅಂದರೆ ಒಂದೂವರೆ ಮಿಲಿಮೀಟರ್ ಕೊರೆಸಿದರೆ 1489 ಇದ್ದದ್ದು 1552 ಸಿಸಿ ಆಗುತ್ತದೆ. ಬಂದ ಲಾಭ ನೂರಕ್ಕೆ ನಾಲ್ಕು. ಬೋರ್ ಮಾಡಿಸಿದ ಗಾಡಿ ಹುರುಪಿನಿಂದ ಓಡುವುದು ನಿಜ. ಆದರೆ ಆ ಹುರುಪು ಹೊಸ ಪಿಸ್ಟನ್ ರಿಂಗು ಕಂಪ್ರೆಷನ್ನನ್ನು ಹಿಡಿದಿಟ್ಟಿದ್ದರಿಂದ ಬಂದದ್ದು, ಹೆಚ್ಚಿದ ಸಿಸಿಯಿಂದಲ್ಲ.

ನಿಜವಾದ ಅಂತರ ಇರುವುದು ಉಸಿರಾಟದಲ್ಲಿ. ಈ ಎಂಜಿನ್ನಿನ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಬರಲು ಎರಡೇ ಬಾಗಿಲು, ಹೊಗೆ ಹೊರಹೋಗಲು ಮೂರು. ನಾಲ್ಕು ಜನ ಅಣ್ಣತಮ್ಮಂದಿರ ಮನೆಗೆ ಎರಡೇ ಅಗಸೆ ಇದ್ದಂತೆ, ಒಬ್ಬ ಒಳಗೆ ಬರುವಾಗ ಪಕ್ಕದವನು ಕಾಯಬೇಕು. ಎಂಜಿಎ ಮಾಡಿದ್ದೇನೆಂದರೆ ಒಂದರ ಬದಲು ಎರಡು ಎಸ್‌ಯು ಕಾರ್ಬೊರೇಟರ್ ಹಾಕಿದ್ದು, ಕಂಪ್ರೆಷನ್ ಏರಿಸಿದ್ದು, ಹೊಗೆಯ ದಾರಿಯನ್ನು ಸಲೀಸು ಮಾಡಿದ್ದು. ಇವುಗಳಲ್ಲಿ ಯಾವುದಕ್ಕೂ ಸಿಲಿಂಡರನ್ನು ಮುಟ್ಟಬೇಕಾಗಿಲ್ಲ. ಹೆಡ್ ಬಿಚ್ಚಿ, ಪೋರ್ಟುಗಳ ಒಳಗಿನ ಎರಕದ ಒರಟನ್ನು ಕೈಯಿಂದ ಉಜ್ಜಿ, ವಾಲ್ವ್ ಸೀಟುಗಳನ್ನು ಸರಿಯಾದ ಕೋನಕ್ಕೆ ಕೊರೆದು ಕೂಡಿಸಿದರೆ ಜಗ್ಗುವ ಬಲ ಕೆಳಗಿನ ಸುತ್ತುಗಳಲ್ಲೇ ಸಿಗುತ್ತದೆ. ಅಗ್ಗದ ಕೆಲಸ, ತಾಳ್ಮೆ ಮಾತ್ರ ಬೇಕು.

ಈ ವಿದ್ಯೆ ಭಾರತದಲ್ಲಿ ಬೆಳೆದದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯನ್ನೇ ಓಟದ ಕಣ ಮಾಡಿಕೊಂಡು ಫಿಯಟ್, ಹೆರಾಲ್ಡ್, ಅಂಬಾಸಿಡರುಗಳನ್ನು ಅಲ್ಲಿ ಓಡಿಸುತ್ತಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಪುಟ್ಟ ಎಂಜಿನ್ ಹಿಡಿದು ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ಓಟದ ಕಾರು ಕಟ್ಟಿದ್ದು ಇದೇ ಪರಂಪರೆಯ ಮುಂದುವರಿಕೆ. ಆದರೆ ಓಟದ ಕಣದ ಕ್ಯಾಮ್‌ಶಾಫ್ಟ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಮೇಲಿನ ಸುತ್ತುಗಳಲ್ಲಿ ಅಬ್ಬರ, ಕೆಳಗೆ ಸತ್ತ ಎತ್ತು. ಅದನ್ನು ರಸ್ತೆಯ ಗಾಡಿಗೆ ಹಾಕಿಸಿಕೊಂಡವರು ಅಮೀನಗಡದ ಸಂತೆಯ ಗದ್ದಲದಲ್ಲಿ ಮೊದಲ ಗೇರಿನಲ್ಲೇ ನರಳಿದರು. ಮೇಲಾಗಿ 1489 ಸಿಸಿ ಎಂಜಿನ್ನಿನ ಕ್ರ್ಯಾಂಕಿಗೆ ಆಸರೆಯಾಗಿ ಇರುವ ಮೇನ್ ಬೇರಿಂಗು ಮೂರೇ. ಬಹಳ ಸುತ್ತು ತಿರುಗಿಸಿದರೆ ಅದು ತಾಳುವುದಿಲ್ಲ.

ಕರ್ನಾಟಕದ ಕೊಡುಗೆ ಬೇರೆ ದಿಕ್ಕಿನಿಂದ ಬಂತು. 1982ರಲ್ಲಿ ಬೆಂಗಳೂರಿನಿಂದ ಸಿಪಾನಿ ಡಾಲ್ಫಿನ್ ಬಂತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಪಡಿಯಚ್ಚು ಅದು, ಫೈಬರ್‌ಗ್ಲಾಸಿನ ಮೈ, ಅಲ್ಯೂಮಿನಿಯಂ ಎಂಜಿನ್, ಬರೀ 848 ಸಿಸಿ. ಕುಟುಂಬದ ಕಾರಾಗಿ ಅದು ಸೋತಿತು, ಮಾರುತಿ ಬಂದು ಅದರ ಮಾರುಕಟ್ಟೆಯನ್ನು ನುಂಗಿತು. ಆದರೆ ರ‍್ಯಾಲಿಯವರು ಅದನ್ನು ಬಿಡಲಿಲ್ಲ. ಬಲ ಹೆಚ್ಚಿಸಲು ಭಾರ ಇಳಿಸುವುದೂ ಒಂದು ದಾರಿ ಎಂಬುದನ್ನು ಅದು ಓಡಿ ತೋರಿಸಿತ್ತು. ನಗೆಪಾಟಲಿಗೀಡಾದ ಈ ಕಾರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಹುನಗುಂದ, ಇಳಕಲ್ಲಿನಂಥ ಊರುಗಳ ಹುಡುಗರಿಗೆ ಕಾರು ಎಟುಕುವ ಮಾತಾಗಿರಲಿಲ್ಲ. ಅವರ ಸ್ಪೋರ್ಟ್ಸ್ ಕಾರು ಎರಡು ಗಾಲಿಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಆಮೇಲೆ 1985ರ ಯಮಹಾ ಆರ್‌ಎಕ್ಸ್ 100. 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಟ್ಟ ಈ ಟೂ ಸ್ಟ್ರೋಕಿನ ಸಿಲಿಂಡರಿಗೆ ಅರ ಹಿಡಿದು ಪೋರ್ಟ್ ಎತ್ತರಿಸುವ ಚಟ ಊರೂರಿಗೂ ಹಬ್ಬಿತು. ಸದ್ದು ಏರಿತು, ಸ್ಪೀಡೂ ಏರಿತು, ಏರಿನಲ್ಲಿ ಇಬ್ಬರನ್ನು ಹೊತ್ತು ಹೋಗುವ ತಾಕತ್ತು ಇಳಿಯಿತು. ಮತ್ತೆ ಅದೇ ತಪ್ಪು.

1990ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಾನೇ ಅಂಬಾಸಿಡರಿಗೆ ಇಸುಜುವಿನ 1817 ಸಿಸಿ ಎಂಜಿನ್, ಐದು ಗೇರಿನ ಬಾಕ್ಸು ಹಾಕಿತು. ಹಳೆಯ ಎಂಜಿನ್ ತಿದ್ದುವ ಬದಲು ಅದನ್ನೇ ಇಳಿಸಿ ಬೇರೆಯದನ್ನು ಏರಿಸುವ ಕಾಲ ಶುರುವಾಯಿತು. ಸೀಸವಿಲ್ಲದ ಪೆಟ್ರೋಲು 2000ದ ಫೆಬ್ರುವರಿಯಲ್ಲಿ ದೇಶವ್ಯಾಪಿಯಾದಾಗ ಹಳೆಯ ಬೀಡು ಹೆಡ್ಡುಗಳಿಗೆ ಇನ್ನೊಂದು ಪೆಟ್ಟು ಬಿತ್ತು. ಸೀಸ ವಾಲ್ವ್ ಸೀಟನ್ನು ಕಾಯುತ್ತಿತ್ತು. ಅದು ಹೋದ ಮೇಲೆ ಗಟ್ಟಿ ಉಕ್ಕಿನ ಸೀಟು ಕೂಡಿಸದಿದ್ದರೆ ವಾಲ್ವು ಮೆಲ್ಲಗೆ ಹೆಡ್ಡಿನೊಳಗೆ ಇಳಿಯತೊಡಗುತ್ತದೆ. ಅದೇ ಹೊತ್ತಿಗೆ ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ ಎಂಪಿಎಫ್‌ಐ ಬಂತು, ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತಿದ್ದ ಕೈಗೆ ಲ್ಯಾಪ್‌ಟಾಪ್ ಬಂತು. ಹಳೆಯ ಎಂಜಿನ್ನಿಗೂ ಈಗ ಇಂಜೆಕ್ಟರು, ಇಸಿಯು ಎಂಬ ಪುಟ್ಟ ಕಂಪ್ಯೂಟರು ಕೂಡಿಸಬಹುದು. ಹೊಗೆಯಲ್ಲಿನ ಆಮ್ಲಜನಕ ಅಳೆದು ಪೆಟ್ರೋಲು ಎಷ್ಟು ಬೇಕೆಂದು ಅದೇ ತೀರ್ಮಾನಿಸುತ್ತದೆ. ಪಾಯಿಂಟ್ ಸೆಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದಂತೂ ಬಡವರಿಗೂ ಎಟುಕುವ ಸುಧಾರಣೆ.

ಕಸುಬಿನ ಹೊಸ ಅಧ್ಯಾಯ ಮಾತ್ರ ನಮ್ಮ ಜಿಲ್ಲೆಯ ಹೊಲದಲ್ಲೇ ಬರೆದದ್ದು. ಮುಧೋಳ, ಜಮಖಂಡಿಯ ಕಬ್ಬು ಈಗ ಸಕ್ಕರೆಯಷ್ಟೇ ಅಲ್ಲ, ಎಥನಾಲ್ ಆಗಿಯೂ ಹೊರಡುತ್ತದೆ; ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ 20 ಆಗಿದೆ. ಎಥನಾಲಿನ ಆಕ್ಟೇನ್ ಹೆಚ್ಚು, ಆದ್ದರಿಂದ ಕಂಪ್ರೆಷನ್ ತುಸು ಏರಿಸಿದ ಎಂಜಿನ್ ಮೊದಲಿನಂತೆ ಕಟಕಟ ಬಡಿಯುವುದಿಲ್ಲ. ಇದು ಲಾಭ. ನಷ್ಟವೂ ಇದೆ. ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು 14.7 ತೂಕ ಗಾಳಿ ಬೇಕಾದರೆ ಎಥನಾಲಿಗೆ 9 ಸಾಕು. ಹೀಗಾಗಿ ಕಾರ್ಬೊರೇಟರಿನ ಹಳೆಯ ಜೆಟ್ಟಿನಲ್ಲೇ ಈ ಮಿಶ್ರಣ ಹರಿದರೆ ಪೆಟ್ರೋಲು ಕಡಿಮೆ ಬಿದ್ದಂತಾಗಿ ಎಂಜಿನ್ ಕಾಯುತ್ತದೆ, ಅದೂ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ಲಿನಲ್ಲಿ. ಮೇನ್ ಜೆಟ್ಟನ್ನು ಒಂದು ಗಾತ್ರ ದೊಡ್ಡದು ಮಾಡಬೇಕು, ರಬ್ಬರ್ ಪೈಪು, ಡಯಾಫ್ರಮ್ಮುಗಳನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸಬೇಕು. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಬನಶಂಕರಿ ಜಾತ್ರೆಗಷ್ಟೇ ಹೊರಬರುವ ಗಾಡಿಯ ಟಾಕಿ ಖಾಲಿ ಇದ್ದರೇ ಒಳ್ಳೆಯದು.

ಕಾನೂನನ್ನು ಮರೆಯುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದ ವಿವರಕ್ಕೂ ಗಾಡಿಯ ಮೂಲ ಸ್ವರೂಪಕ್ಕೂ ಹೊಂದದ ಬದಲಾವಣೆ ಸಲ್ಲದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ತಪ್ಪಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಬೇರೆ ಎಂಜಿನ್ ಕೂಡಿಸುವ ಆಸೆ ಇದ್ದವರು ಮೊದಲು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಿ, ಆಮೇಲೆ ಗ್ಯಾರೇಜಿಗೆ ಹೋಗಲಿ. ಹೆಡ್ ಉಜ್ಜಿ, ಇಗ್ನಿಷನ್ ಬದಲಿಸಿ, ಜೆಟ್ ಸರಿಮಾಡಿದ ಅಂಬಾಸಿಡರು ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ ಹಾದು ಹುನಗುಂದ ಮುಟ್ಟುವ ದಾರಿಗೆ ಬೇಕಾದಷ್ಟು ಜಗ್ಗುತ್ತದೆ. ಆದರೆ ಹೆಡ್ ಬಿಚ್ಚಿಸುವ ಮೊದಲು ಗಾಲಿ ಬಿಚ್ಚಿಸಿ ನೋಡಿ, ಹಳೆಯ ಅಂಬಾಸಿಡರಿಗೆ ನಾಲ್ಕೂ ಕಡೆ ಇರುವುದು ಡ್ರಮ್ ಬ್ರೇಕು.