ಅಜ್ಜನ ಹತ್ತಿಗೆ ಬೋರ್‌ವೆಲ್ ಬೇಕಿರಲಿಲ್ಲ

ಧಾರವಾಡ ಸೀಮೆಯ ನಮ್ಮ ಎರೆಹೊಲದಲ್ಲಿ ಅಜ್ಜ ಬಿತ್ತುತ್ತಿದ್ದದ್ದು ಜಯಧರ ಹತ್ತಿ. ಬೇರು ಆಳಕ್ಕಿಳಿದು, ಮಳೆ ನಿಂತ ಮೇಲೂ ನೆಲದ ಹಸಿಯಲ್ಲೇ ಬದುಕುವ ದೇಸಿ ತಳಿ. ರಸ ಹೀರುವ ಕೀಟಗಳಿಗೂ ಸುಲಭಕ್ಕೆ ಬಗ್ಗದು. ಆದ್ರೆ ಎಳೆ ಗಿಡ್ಡ.

ಎಳೆಯ ತಕರಾರು ಹಳೇದು. ಲ್ಯಾಂಕಾಷೈರ್ ಮಿಲ್ಲುಗಳಿಗೆ ಉದ್ದ ಎಳೆ ಬೇಕಂತ 1840ರ ದಶಕದಲ್ಲೇ ಬ್ರಿಟಿಷರು ಇಲ್ಲಿ ಅಮೆರಿಕನ್ ಹತ್ತಿ ಬೆಳೆಸಿದ್ರು. 1972ರಲ್ಲಿ ಧಾರವಾಡದಲ್ಲೇ ‘ವರಲಕ್ಷ್ಮಿ’ ಹೈಬ್ರಿಡ್ ಹುಟ್ಟಿತು. 2002ರಲ್ಲಿ ಬಿಟಿ ಬಂತು. ಇಳುವರಿ ಹೆಚ್ಚಿದ್ದು ಸುಳ್ಳಲ್ಲ. ನನ್ನ ಬಿಇ ಫೀಸು ಕಟ್ಟಿದ್ದೂ ಹೈಬ್ರಿಡ್ ಹತ್ತಿಯೇ. ಆದ್ರೆ ಮನೆಯಲ್ಲಿದ್ದ ಬೀಜ ಅಂಗಡಿ ಸೇರಿತು, ಹೊಲಕ್ಕೆ ಬೋರ್‌ವೆಲ್ ಬಂತು.

ಈಗ ಅದೂ ಬತ್ತಿದೆ. ಹೋದ ವಾರ ಅಪ್ಪ ಫೋನಿನಲ್ಲಿ ಕೇಳಿದ: “ಜಯಧರ ಬೀಜ ಎಲ್ಲ್ಯಾರ ಸಿಗತೈತೇನಪಾ?”

ಬೆಂಗಳೂರಿನಲ್ಲಿ ಕೂತು ಹುಡುಕ್ತಿದ್ದೀನಿ.