ತಂಜಾವೂರಿನ ಅಬ್ರಹಾಂ ಪಂಡಿತರು

ಭಾರತೀಯ ಕ್ರೈಸ್ತರ ಸಂಗೀತವೆಂದೊಡನೆ ಮಿಷನರಿಗಳು ತಂದ ಪಾಶ್ಚಾತ್ಯ ಧಾಟಿಗಳನ್ನೇ ನೆನೆಯುವುದು ರೂಢಿಯಾಗಿದೆ. ಈ ಅಭಿಪ್ರಾಯವು ಎಷ್ಟು ಅಪೂರ್ಣವೆಂಬುದಕ್ಕೆ ಅಬ್ರಹಾಂ ಪಂಡಿತರ (1859–1919) ಜೀವನವನ್ನು ನಾವು ಸಾಕ್ಷ್ಯವಾಗಿ ಮುಂದಿಡುತ್ತೇವೆ.

ತಿರುನೆಲ್ವೇಲಿ ಸೀಮೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಇವರು ಮೊದಲು ಉಪಾಧ್ಯಾಯರಾಗಿದ್ದರು; ಬಳಿಕ ತಂಜಾವೂರಿನಲ್ಲಿ ನೆಲಸಿ ಸಿದ್ಧವೈದ್ಯದಿಂದ ಪ್ರಸಿದ್ಧರಾದರು. ಊರ ಹೊರಗಿನ ತೋಟದಲ್ಲಿ ಕೃಷಿಪ್ರಯೋಗಗಳನ್ನೂ ನಡೆಸಿದರು. ಔಷಧಿಯ ಗುಳಿಗೆಗಳಿಂದ ಬಂದ ಹಣವು ಸಂಗೀತಕ್ಕೆ ವೆಚ್ಚವಾದುದು ಸಣ್ಣ ಸಂಗತಿಯಲ್ಲ. 1855ರಲ್ಲಿ ಸಂಸ್ಥಾನವು ಕಂಪನಿಯ ವಶವಾಗಿ ರಾಜಾಶ್ರಯವಳಿದ ಊರಿನಲ್ಲಿ, ವೈದ್ಯರೊಬ್ಬರು ಆಶ್ರಯದಾತರ ಸ್ಥಾನಕ್ಕೆ ಬಂದಂತಾಯಿತು.

1912ರಲ್ಲಿ ಅವರು ಸಂಗೀತ ವಿದ್ಯಾ ಮಹಾಜನ ಸಂಗಮವನ್ನು ಸ್ಥಾಪಿಸಿ, ಸ್ವಂತ ಖರ್ಚಿನಿಂದಲೇ ವಿದ್ವಾಂಸರ ಪರಿಷತ್ತುಗಳನ್ನು ಕರೆದರು. ಸ್ಥಾಯಿಗೆ 22 ಶ್ರುತಿಗಳೆಂಬ ಸಂಪ್ರದಾಯವನ್ನು ಅಲ್ಲಗಳೆದು 24 ಎಂದು ವಾದಿಸಿದರು; 1916ರಲ್ಲಿ ಬರೋಡೆಯ ಪರಿಷತ್ತಿನ ಮುಂದೆಯೂ ಅದನ್ನೇ ಪ್ರತಿಪಾದಿಸಿದರು. 1917ರ ‘ಕರುಣಾಮೃತ ಸಾಗರಂ’ ಈ ವಾದದ ವಿಸ್ತಾರ. ವಿದ್ವಾಂಸರೆಲ್ಲರೂ ಇದನ್ನು ಒಪ್ಪಲಿಲ್ಲ, ನಾವೂ ಒಪ್ಪಿದೆವೆನ್ನಲಾರೆವು. ನಮ್ಮ ಗಮನವನ್ನು ಸೆಳೆಯುವುದು ವಾದದ ಆಧಾರ. ಕರ್ಣಾಟಕ ರಾಗಗಳಲ್ಲಿ ಕ್ರಿಸ್ತಕೀರ್ತನೆಗಳನ್ನು ರಚಿಸಿದ ಈ ಭಕ್ತರು ಶ್ರುತಿಯ ಲೆಕ್ಕಕ್ಕಾಗಿ ತಿರುಗಿದ್ದು ಜೈನಮುನಿಯ ಕೃತಿಯೆಂದು ಪ್ರತೀತಿಯಿರುವ ಸಿಲಪ್ಪದಿಕಾರದ ಕಡೆಗೆ.