ರಾತ್ರಿ ಕಾಸ್ಮಿಕ್ ಕಿರಣ ಬರುತ್ತವೆ, ಮೊಬೈಲ್ ಆಫ್ ಮಾಡಿ ಎಂಬ ಮೆಸೇಜ್ ನಿಜವೇ? ಆಕಾಶದಿಂದ ನಿಜಕ್ಕೂ ಬರುವ ಬೆಳಕು ಯಾವುದು?

‘ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ, ಮೊಬೈಲ್ ಸ್ವಿಚ್ ಆಫ್ ಮಾಡಿ ದೂರ ಇಡಿ’ ಎಂಬ ಸಂದೇಶ ಹಲವು ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ನಾಸಾ, ಬಿಬಿಸಿ ಹೆಸರನ್ನೂ ಅದಕ್ಕೆ ಸೇರಿಸಲಾಗಿದೆ.

ಇದು ಸುಳ್ಳು. ಕಾಸ್ಮಿಕ್ ಕಿರಣಗಳೆಂದರೆ ಬಾಹ್ಯಾಕಾಶದಿಂದ ಬರುವ ಸೂಕ್ಷ್ಮ ಕಣಗಳು. ಅವು ಹಗಲು ರಾತ್ರಿ ಬರುತ್ತಲೇ ಇರುತ್ತವೆ. ಭೂಮಿಯ ವಾತಾವರಣ ಮತ್ತು ಕಾಂತಕ್ಷೇತ್ರ ಬಹುಪಾಲನ್ನು ತಡೆಯುತ್ತವೆ. ಮೊಬೈಲ್ ಅವನ್ನು ಸೆಳೆಯುವುದಿಲ್ಲ.

ಕಣಗಳಷ್ಟೇ ಅಲ್ಲ, ಅತಿ ಮಸುಕಾದ ಒಂದು ಬೆಳಕೂ ಎಲ್ಲ ದಿಕ್ಕುಗಳಿಂದ ಸದಾ ಬರುತ್ತಿದೆ. ಇದೇ ವಿಶ್ವದ ಹಿನ್ನೆಲೆ ಬೆಳಕು.

ಏನಿದು ಹಿನ್ನೆಲೆ ಬೆಳಕು?

ಅಮಾವಾಸ್ಯೆ ರಾತ್ರಿ ಅಥಣಿ ಅಥವಾ ರಾಯಬಾಗ ಕಡೆಯ ಕಬ್ಬಿನ ಹೊಲದಲ್ಲಿ ನಿಂತರೆ ದೂರದ ಊರಿನ ದೀಪಗಳು ಒಂದೊಂದಾಗಿ ಕಾಣುವುದಿಲ್ಲ. ಆದರೆ ಆ ದಿಕ್ಕಿನ ಆಕಾಶ ಸ್ವಲ್ಪ ಬೆಳ್ಳಗಿರುತ್ತದೆ. ಹಾಗೆಯೇ ವಿಶ್ವದ ಎಲ್ಲ ಗ್ಯಾಲಕ್ಸಿಗಳ ಬೆಳಕು ಕೂಡಿ ಈ ಮಸುಕು ಬೆಳಕಾಗಿದೆ.

ಇದಕ್ಕೆ ಎರಡು ಮುಖ್ಯ ಮೂಲಗಳಿವೆ. ಒಂದು, ನಕ್ಷತ್ರಗಳು. ಇನ್ನೊಂದು, ಬೆಳೆಯುತ್ತಿರುವ ಕಪ್ಪುಕುಳಿಗಳು, ಅಂದರೆ ಬ್ಲ್ಯಾಕ್ ಹೋಲ್‌ಗಳು. ಕಪ್ಪುಕುಳಿಯಿಂದ ಬೆಳಕು ಹೊರಬರುವುದಿಲ್ಲ, ನಿಜ. ಆದರೆ ಒಳಗೆ ಬೀಳುವ ಮೊದಲು ಅನಿಲ ವಿಪರೀತ ಕಾದು ಹೊಳೆಯುತ್ತದೆ. ಹೀಗೆ ಅತಿಯಾಗಿ ಹೊಳೆಯುವವೇ ಕ್ವೇಸಾರ್‌ಗಳು.

ಲೆಕ್ಕ ಹಾಕುವುದು ಹೇಗೆ?

ಯಾವ ಕಾಲದಲ್ಲಿ ಎಷ್ಟು ನಕ್ಷತ್ರ ಹುಟ್ಟಿದವು, ಎಷ್ಟು ಬೆಳಕನ್ನು ಧೂಳು ನುಂಗಿತು, ಕ್ವೇಸಾರ್‌ಗಳು ಎಷ್ಟಿದ್ದವು ಎಂಬುದನ್ನೆಲ್ಲ ಕೂಡಿ ವಿಜ್ಞಾನಿಗಳು ಮಾದರಿ ಕಟ್ಟುತ್ತಾರೆ. ನಂತರ ಅದನ್ನು ಅಳತೆಯೊಂದಿಗೆ ಹೋಲಿಸುತ್ತಾರೆ.

2014ರಲ್ಲಿ ಈ ಲೆಕ್ಕ ತಪ್ಪಿತು. ಗ್ಯಾಲಕ್ಸಿಗಳ ನಡುವಿನ ಅನಿಲದ ಸ್ಥಿತಿ ನೋಡಿದರೆ, ಮಾದರಿ ಹೇಳಿದ್ದಕ್ಕಿಂತ 5 ಪಟ್ಟು ಹೆಚ್ಚು ಅತಿನೇರಳೆ ಬೆಳಕು ಬೇಕೆಂದು ಒಂದು ತಂಡ ಹೇಳಿತು. ಉಳಿದ ಬೆಳಕು ಎಲ್ಲಿಂದ?

ಉತ್ತರ ಹುಡುಕಿದವರಲ್ಲಿ ಪುಣೆಯ ಆಯುಕಾ ಸಂಸ್ಥೆಯವರೂ ಇದ್ದರು. ನಿಪ್ಪಾಣಿ ಮೇಲೆ ಹಾಯುವ ಹೆದ್ದಾರಿಯಲ್ಲೇ ಸಿಗುವ ಊರು ಪುಣೆ. ಸಂಸ್ಥೆಯ ಸ್ಥಾಪಕ ನಿರ್ದೇಶಕರು ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್. ಅಲ್ಲಿನ ವಿಕ್ರಮ್ ಖೈರೆ ಮತ್ತು ಆರ್. ಶ್ರೀಆನಂದ್ 2015ರಲ್ಲಿ ಹೊಸ ಮಾಹಿತಿಯಿಂದ ಕ್ವೇಸಾರ್‌ಗಳ ಲೆಕ್ಕ ಮತ್ತೆ ಮಾಡಿದಾಗ, ಅವುಗಳಿಂದ ಬರುವ ಬೆಳಕು ಹಿಂದಿನ ಅಂದಾಜಿನ ಸುಮಾರು ಎರಡು ಪಟ್ಟಿತ್ತು. ಅನಿಲದ ಮರು ಅಳತೆಗಳಲ್ಲಿ, ಬೇಕಾದ ಬೆಳಕು 5 ಪಟ್ಟಿಗಿಂತ ಬಹಳ ಕಡಿಮೆ ಎಂದೂ ತಿಳಿಯಿತು. ಎರಡೂ ಕಡೆಯ ಲೆಕ್ಕ ಹೊಂದಿತು. 

ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕವೂ ಈಗ ಹೊಂದಿದೆ. ಭೂಮಿ–ಸೂರ್ಯರ ದೂರದ ಸುಮಾರು 57 ಪಟ್ಟು ಆಚೆ ಹೋಗಿದ್ದ ನ್ಯೂ ಹೊರೈಜನ್ಸ್ ನೌಕೆಯ ಅಳತೆ 2024ರಲ್ಲಿ ಪ್ರಕಟವಾಯಿತು. ಗ್ಯಾಲಕ್ಸಿಗಳ ಬೆಳಕಿನ ಮೊತ್ತಕ್ಕೂ ಅದಕ್ಕೂ ತಾಳೆಯಾಗಿದೆ.

ತೀರ್ಮಾನ

ಹಿನ್ನೆಲೆ ಬೆಳಕಿಗೆ ಗಂಟೆ, ತಾರೀಖು ಇಲ್ಲ. ಅದರಿಂದ ಅಪಾಯವೂ ಇಲ್ಲ. ಕಾಸ್ಮಿಕ್ ಕಿರಣಗಳಿಗೆ ಹೆದರಿ ಫೋನ್ ಆಫ್ ಮಾಡಬೇಕಿಲ್ಲ. ಮನೆಯಲ್ಲಿ ವಯಸ್ಸಾದವರು, ಗರ್ಭಿಣಿಯರು ಇದ್ದರೆ ರಾತ್ರಿ ತುರ್ತು ಕರೆಗೆ ಅದೇ ಆಧಾರ. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.